ಎಡಕ್ಕೆ ತಿರುಗಿದ ಗಿರಣಿ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನೆನೆಹಾಕಿದ್ದ ಮಡಕೆ ಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ನಮ್ಮವರ ಡಬ್ಬಿಗೆ ಚಪಾತಿ, ಮೆಂತ್ಯದ ಪಲ್ಯ ಮಾಡಿ ಕಳಿಸಿದೆ. ಶೇಂಗಾ ಹುರಿದು ಸಿಪ್ಪೆ ಕೇರಿದೆ; ಚಟ್ನಿ ಕುಟ್ಟುವುದು ಹಾಗೇ ಉಳಿಯಿತು. ಕುಂಡದ ಕರಿಬೇವಿಗೆ ನೀರು ಹಾಕಲು ಹೋದರೆ ನಲ್ಲಿ ಬರೀ ಗಾಳಿ ಬಿಟ್ಟಿತು. ಕೆಳಗಿಳಿದು ನೋಡಿದೆ. ಸೊಸೈಟಿಯ ನೀರೆತ್ತುವ ಮೋಟಾರ್ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ವಾಚ್‌ಮನ್ ಅದರ ಮುಂದೆ ಕೈಕಟ್ಟಿ ನಿಂತಿದ್ದ. ಮೊದಲು ಸ್ವಿಚ್ ಆರಿಸಲು ಹೇಳಿ, ಆಮೇಲೆ ವೈರ್‌ಮನ್‌ಗೆ ಫೋನ್ ಮಾಡಿದೆ. ಅವನು ಬಂದು ಡಬ್ಬಿಯಂಥ ಕಂಡೆನ್ಸರ್ ಬದಲಿಸಿ ಹೋದ. ನೀರು ಬಂತು. ಪಾತ್ರೆ ತೊಳೆದೆ, ಬಟ್ಟೆ ಒಣಹಾಕಿದೆ, ನಿನ್ನೆಯವನ್ನು ಮಡಿಚಿಟ್ಟೆ. ಇಷ್ಟೆಲ್ಲ ಮುಗಿಸಿ ಕೂತರೂ ಕೂತಂತೆ ಆಗಲಿಲ್ಲ. ಎದ್ದು ಕಿಟಕಿಗೆ ಹೋದೆ, ಅಡಿಗೆಮನೆಗೆ ಬಂದೆ, ಮುಚ್ಚಿದ ಡಬ್ಬಿ ತೆರೆದು ಮತ್ತೆ ಮುಚ್ಚಿದೆ. ಆ ಗುಂಯ್ ಸದ್ದು ಕಿವಿಗೆ ಬಿದ್ದ ದಿನ ನನಗೆ ಒಂದು ಕಡೆ ನಿಲ್ಲಲು ಆಗುವುದಿಲ್ಲ. ಯಾರೋ ಎಲ್ಲಿಯೋ ಕಷ್ಟಪಡುತ್ತಿದ್ದಾರೆ, ನಾನು ಹೋಗಿ ಕೈ ಹಚ್ಚಬೇಕು ಎನಿಸುತ್ತದೆ. ಇದು ನನಗೆ ಹುಟ್ಟುಗುಣವೇನಲ್ಲ. ಶಾಲೆಗೆ ಹೋಗುತ್ತಿದ್ದಾಗ ಒಂದು ಚಳಿಗಾಲದಲ್ಲಿ, ನನ್ನ ತವರುಮನೆಯ ಮುಂದಿನ ಖೋಲಿಯಲ್ಲಿ, ಎಂದರೆ ಮುಂಗೋಣೆಯಲ್ಲಿ, ಕಲಿತದ್ದು.

ಆ ಮನೆ ಪುಣೆಯಲ್ಲಿ, ಕಾತ್ರಜ ಘಾಟಿನ ಈಚೆಗೆ, ಸಾತಾರಾ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿತ್ತು. ತಗಡು ಹೊದೆಸಿದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಮುಂದೊಂದು ಖೋಲಿ, ನಡುವೆ ಒಂದು, ಹಿಂದೆ ಅಡಿಗೆಮನೆ. ನಡುವಿನ ಖೋಲಿಯ ಮಂಚ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಆಕೆಗೆ ಮಂಚವಿತ್ತೇ ಹೊರತು ಅದರ ಮೇಲೆ ಆಕೆ ಕೂತದ್ದು ಕಡಿಮೆ. ಬಾಗಿಲಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಡ್ಡಾಡುತ್ತಲೇ ಇರುತ್ತಿದ್ದಳು. ಅಪ್ಪ ಒಂದು ಕಾರಖಾನೆಯಲ್ಲಿ ಮೋಟಾರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಮನೆಗೆ ಬಂದರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ, ಸರಿಯಾಗಿ ನಡೆಯುತ್ತಿದ್ದ ಗಡಿಯಾರವನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಅವ್ವ ಉಣ್ಣುತ್ತ ಕೂತವಳು ತುತ್ತು ಬಾಯಿಗಿಡುವ ಮೊದಲು ಒಮ್ಮೆಯಾದರೂ ಎದ್ದು ಹೊರಗೆ ಇಣುಕದೆ ಇರುತ್ತಿರಲಿಲ್ಲ. ಬೆಳಗಿನ ಜಾವ ಘಾಟ್ ಇಳಿದು ಬರುವ ನಮ್ಮ ಕಡೆಯ ಬಸ್ಸುಗಳು ಗೇರು ಬದಲಿಸುವ ಸದ್ದಿಗೇ ಆ ಮನೆ ಎಚ್ಚರಾಗುತ್ತಿತ್ತು. ಆಮೇಲೆ ಅಲ್ಲಿ ಯಾರೂ ನೆಟ್ಟಗೆ ಕೂತದ್ದು ನನ್ನ ನೆನಪಿನಲ್ಲಿಲ್ಲ.

ಅವ್ವನ ತವರು ಮುಧೋಳದ ಕಡೆಯ ಹಳ್ಳಿ. ಪುಣೆಗೆ ಬಂದು ವರ್ಷಗಳಾದರೂ ಅವಳಿಗೆ ಮರಾಠಿ ಹಿಡಿತಕ್ಕೆ ಬಂದಿರಲಿಲ್ಲ. ಕಾಯಿಪಲ್ಯದವಳೊಂದಿಗೆ ಬೆರಳು ತೋರಿಸಿ ವ್ಯವಹಾರ. ಮನೆಯೊಳಗೆ ಆಯಿಯ ಎದುರು ಅವಳು ಎಷ್ಟು ಬೇಕೋ ಅಷ್ಟೇ ಆಡುವವಳು. ಹೀಗಾಗಿ ದಿನವಿಡೀ ಅವಳ ಮಾತು ಒಳಗೇ ಉಳಿದು, ಸಂಜೆ ನಾನು ಶಾಲೆಯಿಂದ ಬಂದಾಗ ನನ್ನ ಜಡೆ ಬಿಚ್ಚುತ್ತ ಗಡಬಡಿಸಿ ಹೊರಬರುತ್ತಿತ್ತು. ಜೋಳ ಬೀಸಿಸಲು ಬಜಾರಿನ ಗಿರಣಿಗೆ ಹೋದರೆ ಅಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಿದ್ದರು. ಗೋಧಿ ಬೆರೆತ ಜೋಳದ ಹಿಟ್ಟು ಕೈಗೆ ಬೇರೆಯೇ ಹತ್ತುತ್ತದೆ. ಅವ್ವ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಳು. ಆ ಮನೆಯಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತು. ಅಪ್ಪನ ಪರಿಚಯದವರೊಬ್ಬರು ತಮ್ಮ ಸಣ್ಣ ಗಿರಣಿ ಮುಚ್ಚಿ ಊರಿಗೆ ಹೊರಟಾಗ, ಅದನ್ನು ನಮ್ಮ ಮುಂದಿನ ಖೋಲಿಯಲ್ಲಿ ಇಟ್ಟುಕೊಳ್ಳೋಣ, ಜೋಳ, ಸಜ್ಜೆ ಮಾತ್ರ ಬೀಸೋಣ ಎಂದಳು.

ಗಿರಣಿ ಬಂದ ಮೇಲೆ ಅವ್ವನಿಗೆ ಮಾತು ಬಂತು. ಆಗ ಸುತ್ತ ಕಟ್ಟಡಗಳು ಏಳುತ್ತಿದ್ದವು. ಯಾದಗಿರಿ, ಕಲಬುರ್ಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹೆಂಗಸರು ತಲೆಯ ಮೇಲೆ ಜೋಳದ ಡಬ್ಬಿ ಹೊತ್ತು ನಮ್ಮ ಬಾಗಿಲಿಗೆ ಬರತೊಡಗಿದರು. ಮುಖಕ್ಕೆ, ಹುಬ್ಬಿಗೆ ಹಿಟ್ಟು ಮೆತ್ತಿಕೊಂಡು ಅವ್ವ ನಡುವೆ ಕೂತಿರುತ್ತಿದ್ದಳು. ಅವರ ಕನ್ನಡವೇ ಬೇರೆ ಥರದ್ದು, ಅವಳದೇ ಬೇರೆ ಥರದ್ದು. ಆ ಭೇದವೇ ಅರ್ಧ ನಗೆಗೆ ಕಾರಣ. ಯಾರ ಸೊಸೆ ಬಸುರಿ, ಯಾರ ಗಂಡ ಕುಡಿದು ಮೆಟ್ಟಿಲಿಂದ ಬಿದ್ದ, ಎಲ್ಲ ಸುದ್ದಿಯೂ ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳುವಂಥದ್ದು. ಆಯಿಗೆ ಇದು ಸುತಾರಾಂ ಸೇರಲಿಲ್ಲ. ಮಂದಿಯ ಕಾಲಿನ ಧೂಳು ಮನೆಯೊಳಗೆ, ಕಿವಿಗೆ ಬಡಿಯುವ ಸದ್ದು, ಹೊಸ್ತಿಲಲ್ಲಿ ಅಡ್ಡಾಡಲು ಜಾಗವಿಲ್ಲ. ಮೇಲಾಗಿ ಸಾಲಿನ ಮನೆಗಳ ಒಡತಿ, ನಾವು ಕಾಕು ಎನ್ನುತ್ತಿದ್ದ ಮರಾಠಿ ಹೆಂಗಸು, ಪಕ್ಕದಲ್ಲೇ ಇದ್ದರು. ಗಿರಣಿ ಶುರುವಾಗುವಾಗೆಲ್ಲ ಅವರ ಬಲ್ಬು ಒಂದು ಗಳಿಗೆ ಮಂಕಾಗುತ್ತಿತ್ತು. ನಮ್ಮ ದೀಪ ಹೋಯಿತು ನೋಡಿ ಅತ್ತಿಗೆ ಎಂದು ಗೋಡೆಯಾಚೆಯಿಂದ ಅವರ ದನಿ ತಪ್ಪದೆ ಬರುತ್ತಿತ್ತು:

"ಅಹೋ ವಹಿನಿ, ಆಮಚಾ ದಿವಾ ಗೇಲಾ ಬಘಾ!"

ಆ ಚಳಿಗಾಲದಲ್ಲಿ ಗಿರಣಿಯ ಮೋಟಾರ್ ಕೆಟ್ಟಿತು. ಸ್ವಿಚ್ ಒತ್ತಿದರೆ ಗುಂಯ್ ಎಂದು ನಡುಗುವುದು, ಬೆಲ್ಟಿನ ಪಟ್ಟಿ ಅಲುಗುವುದು, ಚಕ್ರ ಮಾತ್ರ ತಿರುಗದು. ತುಸು ಹೊತ್ತಿಗೆ ಸುಟ್ಟ ವಾರ್ನಿಶಿನ ವಾಸನೆ. ಕಾಕುವಿನ ಬಲ್ಬು ಮಂಕಾದದ್ದು ಮಂಕಾಗಿಯೇ ಉಳಿಯುವುದು. ಅಪ್ಪ ಕಾರಖಾನೆಯಿಂದ ಬಂದು ಚೀಲವನ್ನೂ ಕೆಳಗಿಡದೆ ಕಿವಿಗೊಟ್ಟು ಕೇಳಿದ.

"ನಮ್ಮಲ್ಲಿ ಕಾರಖಾನಿಯಾಗ ಮೂರು ತಂತಿ ಕರೆಂಟ್ ಬರ್ತದ. ಗುಂಡಿ ಒತ್ತಿದ್ರ ಸಾಕು, ಆನಿಗತೆ ಎದ್ದು ಹೊಂಡತಾವ ಮೋಟಾರು. ಮನಿಗಿ ಬರೂದು ಒಂದs ಫೇಸ್. ಇದಕ್ಕ ಎಬ್ಬಿಸಾಕ ಒಬ್ಬರು ಬೇಕು."

"ಎಬ್ಬಿಸೂದು ಹ್ಯಾಂಗ್ರಿ?" ಎಂದಳು ಅವ್ವ.

"ಕಂಡೆನ್ಸರ್ ಹೋಗ್ಯದ. ಹೊಸಾದು ತರಬೇಕು. ಅಲ್ಲೀತನಾ ಮುಟ್ಟಬ್ಯಾಡ."

ಮುಟ್ಟದೆ ಇರುವುದು ಅವ್ವನಿಂದ ಆಗಲಿಲ್ಲ. ಯಾಕೆಂದರೆ ಆಯಿ ಅದೇ ವಾರ ತನ್ನ ಮಾತು ಹೇಳಿಬಿಟ್ಟಿದ್ದಳು. ಅವ್ವನ ತವರಿನವರಿಗೆ ಜೇಜುರಿಯ ಖಂಡೋಬಾ ಮನೆದೇವರು. ಅವರು ಮಲ್ಲಯ್ಯ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಅವರ ಹಿಂಡು ಬಸ್ಸಿನಲ್ಲಿ ಬಂದು ಕಾತ್ರಜದಲ್ಲಿ ಇಳಿದು, ನಮ್ಮಲ್ಲಿ ಉಂಡು ಮುಂದೆ ಹೋಗುತ್ತಿತ್ತು. ಅವರಲ್ಲೊಂದು ಪದ್ಧತಿ: ದಾರಿಯಲ್ಲಿ ಮಗಳ ಮನೆ ಇದ್ದರೆ, ತವರಿನ ಹೊಲದ ಜೋಳವನ್ನು ಮೊದಲೇ ಅಲ್ಲಿಗೆ ಕಳಿಸಬೇಕು. ಮಗಳು ತನ್ನ ಮನೆಯಲ್ಲಿ ಅದನ್ನು ಬೀಸಿ ರೊಟ್ಟಿ ಮಾಡಬೇಕು. ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಗುಡ್ಡದ ಮೇಲೆ ನೈವೇದ್ಯ ಮಾಡುತ್ತಾರೆ, ಉಳಿದದ್ದನ್ನು ಮಗಳ ಮನೆಯಲ್ಲೇ ಉಣ್ಣುತ್ತಾರೆ. ಜೋಳದ ಚೀಲ ಆಗಲೇ ಬಂದು ಮಂಚದ ಕೆಳಗೆ ಕೂತಿತ್ತು. ಹಡಪಸರದ ಕಡೆಯವನೊಬ್ಬ ಗಿರಣಿಯನ್ನು ಕೊಡುತ್ತೀರಾ ಎಂದು ಎರಡು ಸಲ ಬಂದು ಕೇಳಿ ಹೋಗಿದ್ದ. ಆಯಿ ಅಪ್ಪನನ್ನೂ ಅವ್ವನನ್ನೂ ಎದುರಿಗೆ ನಿಲ್ಲಿಸಿ ಹೇಳಿದಳು:

"ನೀಲವ್ವ, ನಿನ್ನ ತವರಮಂದಿ ತಾಟಿನಾಗ ಇದರ ಹಿಟ್ಟಿನ ರೊಟ್ಟಿ ಬಿತ್ತಂದ್ರ ಗಿರಣಿ ಇರಲಿ, ನಾ ಮುಂದ ಚಕಾರ ಎತ್ತಂಗಿಲ್ಲ. ಬೀಳಲಿಲ್ಲಂದ್ರ ಹಡಪಸರದಾಂವ ಗಾಡಿ ತಂದು ಒಯ್ಯಲಿ. ಆತೇನೋ ತಮ್ಮಾ?"

ಅಪ್ಪ ಹೂಂ ಎಂದ. ಅವನಿಗೂ ಮನೆಗೆ ಬಂದರೆ ಮತ್ತೊಂದು ಮೋಟಾರಿನ ಸದ್ದು ಕೇಳಿ ಸಾಕಾಗಿತ್ತೇನೋ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು.

ಮರುದಿನ ಅಪ್ಪ ಕೆಲಸಕ್ಕೆ ಹೋದ ಮೇಲೆ ಅವಳು ಸೀರೆ ಎತ್ತಿ ಕಚ್ಚೆ ಹಾಕಿದಳು, ಬಳೆ ಮೇಲಕ್ಕೆ ಸರಿಸಿದಳು, ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದಳು. ಒಂದು ಕೈಯಿಂದ ಸ್ವಿಚ್ ಒತ್ತಿ, ಇನ್ನೊಂದು ಕೈಯಿಂದ ಚಕ್ರದ ಪಟ್ಟಿಯನ್ನು ಜಗ್ಗಿ ಬಿಟ್ಟಳು. ಗುಂಯ್ ಎನ್ನುತ್ತಿದ್ದದ್ದು ಗರ್ ಎಂದಿತು. ಗಿರಣಿ ಓಡಿತು. ಒಮ್ಮೆ ಓಟ ಹಿಡಿದ ಮೇಲೆ ಅದಕ್ಕೆ ಯಾರೂ ಬೇಕಾಗಲಿಲ್ಲ. ಅವ್ವನ ಕಣ್ಣು ನೋಡಬೇಕಿತ್ತು ಆಗ. ಹಿಟ್ಟು ಹೊಮ್ಮಿ ಬಂತು, ಮುಟ್ಟಿದರೆ ಬೆಚ್ಚಗೆ, ಹಿಸುಕಿದರೆ ಮುಷ್ಟಿಯ ಆಕಾರ ಹಿಡಿಯುವಷ್ಟು ನಯ. ಕೆಲವು ದಿನ ಹೀಗೇ ನಡೆಯಿತು. ಅವಳು ಪಟ್ಟಿ ಜಗ್ಗುವಾಗ ನಾನು ಹೊಸ್ತಿಲಾಚೆ ಉಸಿರು ಹಿಡಿದು, ಮುಷ್ಟಿ ಬಿಗಿದು, ಒಂಟಿಕಾಲಲ್ಲಿ ನಿಲ್ಲುತ್ತಿದ್ದೆ. ಅವಳ ಬೆರಳುಗಳು ಪಟ್ಟಿಗೂ ಚಕ್ರಕ್ಕೂ ನಡುವೆ ಹೋದರೆ? ಒಂದು ದಿನ ಅಪ್ಪ ಬೇಗ ಬಂದವನು ಇದನ್ನು ನೋಡಿಬಿಟ್ಟ. ಅವನು ಅಷ್ಟು ಕೂಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಕೈ ಹೋದ್ರ ರೊಟ್ಟಿ ಕಾಲಿಂದ ಬಡೀತಿ ಏನು?"

"ನೀವು ಕಂಡೆನ್ಸರ್ ತರಲಿಲ್ಲಲ್ರಿ."

"ತರ್ತೀನಂದ್ನೆಲ್ಲ!"

"ಅಂದು ಎಷ್ಟ್ ದಿನಾ ಆತು?"

ಆ ಸಂಜೆಯೇ ಅಪ್ಪ ಹೋಗಿ ಕಂಡೆನ್ಸರ್ ತಂದ. ಹಳೆಯ ಪತ್ರಿಕೆ ಹಾಸಿ ಮೋಟಾರನ್ನು ಪೂರ್ತಿ ಬಿಚ್ಚಿದ. ಅವನಿಗೆ ಅರ್ಧಂಬರ್ಧ ಬಿಚ್ಚಿ ಗೊತ್ತಿಲ್ಲ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಸುತ್ತಲೂ ತಾಮ್ರದ ತಂತಿಯ ಸುರುಳಿಗಳು, ನಡುವೆ ಒಂದು ಕಬ್ಬಿಣದ ಉರುಳಿ. ಆ ಉರುಳಿಗೆ ಎಲ್ಲಿಂದಲೂ ಒಂದು ತಂತಿಯೂ ಹೋಗುವುದಿಲ್ಲ ಎಂದು ಕಂಡು ನನಗೆ ದಿಗಿಲಾಯಿತು.

"ಹಂಗಾರ ಇದಕ್ಕ ಕರೆಂಟ್ ಹ್ಯಾಂಗ ಮುಟ್ಟತದ ಅಪ್ಪಾ?"

"ಮುಟ್ಟಂಗಿಲ್ಲ ಸುಮಿ. ಹೊರಗಿನ ಸುರುಳಿ ಕರೆಂಟ್ ಬಂದಾಗ ಅಯಸ್ಕಾಂತ ಆಗ್ತದ. ಆ ಅಯಸ್ಕಾಂತದ ಸೆಳೆತ ಸರದಾಡಿದ್ರ ಈ ಉರುಳಿಯೊಳಗ ತಾನs ಕರೆಂಟ್ ಹುಟ್ಟತದ, ಇದೂ ಅಯಸ್ಕಾಂತ ಆಗಿ ಅದರ ಬೆನ್ನ ಹತ್ತತದ. ಆದ್ರ ಮನಿ ಕರೆಂಟಿನ ಸೆಳೆತ ಸುತ್ತಂಗಿಲ್ಲ. ನಿಂತಲ್ಲೇ ಹಿಂದ ಮುಂದ, ಹಿಂದ ಮುಂದ. ಬಲಕ್ಕ ಎಷ್ಟು ಜಗ್ಗತದೋ ಎಡಕ್ಕೂ ಅಷ್ಟ ಜಗ್ಗತದ. ಉರುಳಿ ಪಾಪ ಯಾ ಕಡೆ ಹೋಗಬೇಕು? ನಡಗಕೋಂತ ನಿಂತಿರ್ತದ."

ಆ ಮಾತು ನನಗೆ ತಟ್ಟಿತು. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಇದ್ದೇವೆ ಎನಿಸಿತು. ಅಪ್ಪ ಇನ್ನೊಂದು ಸಣ್ಣ ಸುರುಳಿಯನ್ನು ತೋರಿಸಿದ. ಅದು ಎಬ್ಬಿಸುವ ಸುರುಳಿ, ದೊಡ್ಡ ಸುರುಳಿಗೆ ಅಡ್ಡವಾಗಿ ಕೂತಿರುತ್ತದೆ, ಕಂಡೆನ್ಸರ್ ಅದರ ಸೆಳೆತದ ಹೊತ್ತನ್ನು ತುಸು ಹಿಂದುಮುಂದು ಮಾಡಿ ಕೊಡುತ್ತದೆ ಎಂದ. ಅದು ನನಗೆ ತಿಳಿಯಲಿಲ್ಲ. ಅವನು ತಂತಿಗಳ ತುದಿ ಕೆರೆದು, ಬಿಗಿದು, ಟೇಪು ಸುತ್ತಿ ಮುಚ್ಚಿದ. ಸ್ವಿಚ್ ಒತ್ತಿದರೆ ಮೋಟಾರ್ ಯಾರೂ ಮುಟ್ಟದೆ ಎದ್ದು ಓಡಿತು. ಓಟ ಹಿಡಿಯುತ್ತಲೇ ಒಳಗೆ ಟಕ್ ಎಂಬ ಸದ್ದು. ಅವ್ವ ಒಂದು ಹಿಡಿ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು. ಆಯಿ ಕೈಯೊಡ್ಡಲಿಲ್ಲ.

ಕೆಟ್ಟದ್ದು ಆಮೇಲೆಯೇ. ಹಿಟ್ಟು ಸುಡುವಷ್ಟು ಬಿಸಿಯಾಗಿ, ತಡೆತಡೆದು, ತರಿತರಿಯಾಗಿ ಬರತೊಡಗಿತು. ಸುಟ್ಟ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಯಾದಗಿರಿ ಕಡೆಯ ಭೀಮವ್ವ, ಎಲ್ಲರಿಗಿಂತ ಹೆಚ್ಚು ಮಾತಿನವಳು, ಒಂದು ಬೆಳಿಗ್ಗೆ ಮುರಿದ ರೊಟ್ಟಿಯ ಚೂರುಗಳನ್ನು ಸೆರಗಲ್ಲಿ ಕಟ್ಟಿಕೊಂಡು ಬಂದು ಗಿರಣಿಯ ಮೇಲೆ ಸುರಿದಳು.

"ಏನ್ ಬೀಸ್ಲಾಕತ್ತೀದಿ ಅಕ್ಕಾ? ನನ್ ಗಂಡ ಇದು ರೊಟ್ಟೇನ ಹಂಚಿನ ಬಿಲ್ಲೇನ ಅಂತ ಕೇಳ್ದ. ಅಂವ ಕೇಳಿದ್ರ ಕೇಳ್ಲಿ, ನಮ್ಮತ್ತಿ ನಕ್ಕಳು ನೋಡು, ಅದು ಸೈಸಂಗಿಲ್ಲ ನನಗ."

"ಜೋಳs ಹಳೇದಿರಬೇಕು ಭೀಮವ್ವ."

"ಹೋದ ವಾರದ್ದೂ ಇದೇ ಜೋಳ. ಆವಾಗ ಬೆಣ್ಣೀಗತೆ ಬಿದ್ದಿತ್ತು. ಮೋಟಾರ್ ಕೆಟ್ಟಾಗ ಹಿಟ್ಟು ಚಲೋ, ಚಲೋ ಆದಾಗ ಹಿಟ್ಟು ಕೆಟ್ಟದು. ನಿಮ್ಮ ಮನ್ಯಾಗ ಎಲ್ಲಾ ಉಲ್ಟಾನs ಬಿಡು!"

ಅವಳು ನಗುತ್ತಲೇ ಹೇಳಿದಳು, ಆದರೆ ಡಬ್ಬಿಯನ್ನು ವಾಪಸು ಹೊತ್ತುಕೊಂಡು ಹೋದಳು. ಅವ್ವ ಕಲ್ಲು ಸಡಿಲು ಮಾಡಿ ನೋಡಿದಳು, ಬಿಗಿ ಮಾಡಿ ನೋಡಿದಳು. ಮೆಣಸಿನಕಾಯಿ, ಉಪ್ಪು ಇಳಿಸಿ ದೃಷ್ಟಿ ತೆಗೆದಳು. ಒಲೆಯ ಮೇಲೆ ಹಾಲು ಉಕ್ಕಿದರೂ ಗಮನವಿಲ್ಲ. ತವರಿನವರು ಹೊರಟ ಸುದ್ದಿ ಬಂದಿತ್ತು. ಮರುದಿನ ಮಧ್ಯಾಹ್ನಕ್ಕೆ ಅವರು ಇಲ್ಲಿರಬೇಕು. ಅವಳು ತವರಿನ ಚೀಲ ಬಿಚ್ಚಿ ಒಂದು ಹಿಡಿ ಜೋಳ ಹಾಕುವ ಧೈರ್ಯವಾಗದೆ, ಚೀಲದ ಬಾಯಿಯ ಹಗ್ಗ ಹಿಡಿದು ನಿಂತಿದ್ದಳು. ಆಗ ಬಾಗಿಲಲ್ಲಿ ಅಡ್ಡಾಡುತ್ತಿದ್ದ ಆಯಿ ತಟ್ಟನೆ ನಿಂತಳು. ಸುಮ್ಮನೆ ಓಡುತ್ತಿದ್ದ ಚಕ್ರವನ್ನೇ ನೋಡಿದಳು.

"ಬಂದ್ ಮಾಡು ಅದನ್ನ. ಎಡಸುತ್ತು ತಿರಗಾಕತ್ತದ."

ನಮ್ಮಲ್ಲಿ ಆರತಿ ಎತ್ತುವುದು, ಗುಡಿ ಸುತ್ತುವುದು, ಬೀಸುವ ಕಲ್ಲು ತಿರುಗಿಸುವುದು ಎಲ್ಲ ಬಲಸುತ್ತು. ಎಡಸುತ್ತು ಹೆಣಕ್ಕೆ ಮಾತ್ರ. ಆಯಿಯ ಮುಖದ ಬಣ್ಣ ಬದಲಾಗಿತ್ತು. ಎಡಸುತ್ತು ಬೀಸಿದ ಹಿಟ್ಟನ್ನು ತಾನು ಬಾಯಿಗೆ ಹಾಕುವುದಿಲ್ಲ, ಮಲ್ಲಯ್ಯನ ಗುಡ್ಡಕ್ಕಂತೂ ಹೋಗಗೊಡುವುದಿಲ್ಲ ಎಂದಳು. ಅವ್ವ ಮೊದಲ ಸಲ ಆಯಿಯನ್ನು ಸಿಟ್ಟಿನಿಂದಲ್ಲ, ಅಚ್ಚರಿಯಿಂದ ನೋಡಿದಳು. ಗಿರಣಿಯ ಕಲ್ಲಿನ ಮೇಲೆ ಕೊರೆದ ಗೆರೆಗಳು ಒಂದೇ ಕಡೆಗೆ ಓರೆಯಾಗಿರುತ್ತವೆ, ಕಾಳನ್ನು ನಡುವಿನಿಂದ ಅಂಚಿಗೆ ತಳ್ಳಲು. ಕಲ್ಲು ಉಲ್ಟಾ ತಿರುಗಿದರೆ ಹಿಟ್ಟು ಹೊರಗೆ ಹೋಗದೆ ಒಳಗೇ ಅರೆದು ಅರೆದು ಸುಡುತ್ತದೆ. ಇಬ್ಬರಿಗೂ ಅದು ಅದೇ ಗಳಿಗೆಯಲ್ಲಿ ಹೊಳೆದಿರಬೇಕು.

ಅಪ್ಪ ಅದೃಷ್ಟಕ್ಕೆ ಮನೆಯಲ್ಲೇ ಇದ್ದ. ಕೇಳಿ ನಕ್ಕುಬಿಟ್ಟ.

"ಇಷ್ಟ ಹೌದಲ್ಲೋ! ಕಾರಖಾನ್ಯಾಗ ದಿನಾ ಮಾಡೂ ಕೆಲಸ. ಮೂರರಾಗ ಯಾವರ ಎರಡು ತಂತಿ ಅದಲು ಬದಲು ಮಾಡಿದ್ರ ಮೋಟಾರ್ ಉಲ್ಟಾ ತಿರಗತದ. ಇಲ್ಲಿ ಇರೂವs ಎರಡು. ಕಣ್ಣು ಪಿಳುಕಿಸೂದ್ರೊಳಗ ಮಾಡ್ತೀನಿ."

ಮಾಡಿದ. ಸ್ವಿಚ್ ಒತ್ತಿದ. ಚಕ್ರ ಎಡಕ್ಕೇ ತಿರುಗಿತು. ಅಪ್ಪ ಕಣ್ಣುಜ್ಜಿಕೊಂಡ. ತಂತಿಗಳನ್ನು ಮತ್ತೆ ಬದಲಿಸಿದ. ಎಡಕ್ಕೇ. ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿ ಅಲ್ಲಿ ಬದಲಿಸಿದ. ಎಡಕ್ಕೇ. ಗೋಡೆಯಾಚೆ ಕಾಕುವಿನ ಬಲ್ಬು ಒತ್ತಿದಷ್ಟು ಸಲವೂ ಮಂಕಾಗಿ, "ಅಹೋ ವಹಿನಿ" ಎಂಬುದು ಬರಬರುತ್ತ ಬೈಗುಳದ ರಾಗಕ್ಕೆ ತಿರುಗಿತು. ಅಪ್ಪನ ಹಣೆಯಲ್ಲಿ ಬೆವರು. ಇಡೀ ಕಾರಖಾನೆಯ ಮೋಟಾರುಗಳು ಅವನ ಮಾತು ಕೇಳುತ್ತಿದ್ದವು, ಮನೆಯದು ಕೇಳುತ್ತಿರಲಿಲ್ಲ. ಅವನು ಸ್ಕ್ರೂಡ್ರೈವರ್ ಎಸೆದು ಅಂಗಳಕ್ಕೆ ಹೋದ, ಬಂದ, ಮತ್ತೆ ಹೋದ.

ಅಷ್ಟರಲ್ಲಿ ಆಯಿ ಮಂಚದ ಕೆಳಗಿಂದ ಹಳೆಯ ಬೀಸುವ ಕಲ್ಲನ್ನು ಹೊರಗೆಳೆದಳು. ಊರಿನಿಂದ ಬರುವಾಗ ಹಟ ಹಿಡಿದು ತಂದ ಕಲ್ಲು. ಒರೆಸಿ, ಗೂಟ ಬಡಿದು, ತವರಿನ ಚೀಲದಿಂದ ಜೋಳ ತೆಗೆದು ಹಾಕಿ, ದೇವರ ರೊಟ್ಟಿ ತಪ್ಪಬಾರದೆಂದು ಒಬ್ಬಳೇ ಬೀಸಲು ಕೂತಳು. ವಯಸ್ಸಾಗಿತ್ತು. ಭುಜ ಸುತ್ತ ತಿರುಗುತ್ತಿರಲಿಲ್ಲ. ಗೂಟವನ್ನು ನೆಟ್ಟಗೆ ದೂಡುತ್ತಿದ್ದಳು, ನೆಟ್ಟಗೆ ಎಳೆಯುತ್ತಿದ್ದಳು. ಕಲ್ಲು ಆಚೆ ತುದಿಗೆ ಹೋಗಿ ನಿಂತುಬಿಡುತ್ತಿತ್ತು. ಇನ್ನಷ್ಟು ಬಲ ಹಾಕಿದರೂ ಅಲ್ಲೇ ಗಡಗಡ ನಡುಗುವುದೇ ಹೊರತು ಸುತ್ತದು.

"ಏನ್ ನೋಡಕೋಂತ ನಿಂತಿ ನೀಲವ್ವ? ಕೈ ಹಚ್ಚು ಬಾ."

ಅವ್ವ ಬಂದು ಎದುರಿಗೆ ಕೂರಹೋದಳು. ಅಲ್ಲಿ ಕಾಳಿನ ಮೊರ ಇದ್ದದ್ದರಿಂದ ಅದನ್ನು ತುಳಿಯಬಾರದೆಂದು ಪಕ್ಕಕ್ಕೆ ಸರಿದು, ಆಯಿಯ ಎಡ ಮಗ್ಗುಲಿಗೆ ಕೂತಳು. ಆಯಿ ದೂಡಿ ಕಲ್ಲು ಆಚೆ ನಿಲ್ಲುವ ಹೊತ್ತಿಗೆ ಅವ್ವ ಪಕ್ಕದಿಂದ ಒಂದು ದೂಡು ಕೊಟ್ಟಳು. ಕಲ್ಲು ಹೊರಳಿತು. ಆಯಿ ಎಳೆದಳು, ಅದರ ಬೆನ್ನಿಗೆ ಅವ್ವ ಎಳೆದಳು. ಕಲ್ಲು ಗುರುಗುರು ಎಂದು ಸುತ್ತತೊಡಗಿತು. ಅಂಗಳದಿಂದ ಒಳಗೆ ಬರುತ್ತಿದ್ದ ಅಪ್ಪ ಬಾಗಿಲಲ್ಲೇ ನಿಂತ.

"ತಡೀರಿ, ತಡೀರಿ. ಯವ್ವಾ, ಮತ್ತೊಮ್ಮಿ ಮಾಡು. ನೀ ದೊಡ್ಡ ಸುರುಳಿ."

"ಏನೋ?"

"ನೀ ದೊಡ್ಡ ಸುರುಳಿ. ಈಕಿ ಎಬ್ಬಿಸೂ ಸುರುಳಿ. ಅಡ್ಡ ಕುಂತಾಳ, ನಿನಕಿಂತ ಒಂಚೂರು ತಡದು ಕೈ ಹಾಕ್ತಾಳ. ಅದಕ್ಕs ಕಲ್ಲು ಸುತ್ತಾಕತ್ತದ!"

ಅವನು ಅವರಿಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತ. ಈಗ ಅವ್ವನಿಗೆ ಉಲ್ಟಾ ಮಾಡು ಎಂದ: ದೂಡುವಲ್ಲಿ ಎಳೆ, ಎಳೆಯುವಲ್ಲಿ ದೂಡು. ಆಯಿ ಮೊದಲಿನಂತೆಯೇ. ಕಲ್ಲು ತಡವರಿಸಿ ಎಡಸುತ್ತು ಹೊರಟಿತು. ಆಯಿ ಹೌಹಾರಿ ಕೈ ಬಿಟ್ಟಳು.

"ಹಿರಿಯಾಳ ಕೈಲಿ ಎಂಥಾ ಆಟ ಆಡಸ್ತೀಯೋ ಭಾಡ್ಯಾ!"

"ಒಂದs ಸಲ ಯವ್ವಾ, ಕಾಲು ಬೀಳ್ತೀನಿ. ಈಗ ನೀನೂ ಉಲ್ಟಾ ಮಾಡು. ಇಬ್ಬರೂ ಉಲ್ಟಾ."

ಇಬ್ಬರೂ ಉಲ್ಟಾ ಮಾಡಿದರು. ಕಲ್ಲು ತನ್ನಷ್ಟಕ್ಕೆ ಬಲಕ್ಕೇ ಬಂತು, ಮೊದಲು ಹೇಗಿತ್ತೋ ಹಾಗೆ. ನನಗೂ ತಿಳಿಯಿತು. ಒಬ್ಬರು ಬದಲಾದರೆ ದಿಕ್ಕು ಬದಲಾಗುತ್ತದೆ. ಇಬ್ಬರೂ ಒಟ್ಟಿಗೆ ಬದಲಾದರೆ ಮತ್ತದೇ. ಅಪ್ಪ ಹೊರಗಿಂದ ಬರುವ ಎರಡು ತಂತಿಗಳನ್ನು ಅದಲು ಬದಲು ಮಾಡಿದಾಗೆಲ್ಲ ದೊಡ್ಡ ಸುರುಳಿ, ಸಣ್ಣ ಸುರುಳಿ ಎರಡನ್ನೂ ಒಟ್ಟಿಗೆ ತಿರುವುತ್ತಿದ್ದ. ಬದಲಿಸಬೇಕಾದದ್ದು ಸಣ್ಣ ಸುರುಳಿಯ ತುದಿಗಳನ್ನು ಮಾತ್ರ. ಕಂಡೆನ್ಸರ್ ಹಾಕುವ ದಿನ ಕೆರೆದು ಬಿಗಿಯುವಾಗ ಅವೇ ತಿರುಗುಮುರುಗಾಗಿದ್ದವು. ಅದಕ್ಕೂ ಮೊದಲು, ಸಣ್ಣ ಸುರುಳಿ ಸತ್ತಿದ್ದಾಗ, ಮೋಟಾರಿಗೆ ಎಡವೂ ಒಂದೇ ಬಲವೂ ಒಂದೇ. ಅವ್ವ ರೂಢಿಯಂತೆ ಬಲಕ್ಕೆ ಜಗ್ಗಿದ್ದಳು, ಅದು ಬಲಕ್ಕೆ ಓಡಿತ್ತು.

"ಮತ್ತ ಆ ಟಕ್ ಸಪ್ಪಳ ಏನ್ರಿ?" ಎಂದಳು ಅವ್ವ, ಕಲ್ಲು ಬಿಡದೆ.

"ಓಟ ಹಿಡದ ಮ್ಯಾಲ ಎಬ್ಬಿಸೂ ಸುರುಳಿ ಕೈ ಬಿಡ್ತದ. ನೀ ಈಗ ಬಿಡು ನೋಡೂಣು."

ಅವ್ವ ಕೈ ಎತ್ತಿದಳು. ಕಲ್ಲು ಓಟದ ಮೇಲಿತ್ತು. ಆಯಿಯ ನೆಟ್ಟ ದೂಡು, ನೆಟ್ಟ ಎಳೆತಕ್ಕೇ ನಡೆಯುತ್ತ ಹೋಯಿತು.

"ಹೂಂ! ಆಕಿ ಕೈ ಝಾಡಿಸಿ ಕುಂದರತಾಳ, ಮುಂದ ಮುದುಕಿ ಒಬ್ಬಾಕೀನs ದುಡೀಬೇಕು. ಭಾಳ ಚಲೋ ಅದ ನಿನ್ನ ಮೋಟಾರ್!"

ಅವ್ವ ನಕ್ಕಳು. ಆಯಿಯ ಮುಂದೆ ಅವಳು ಹಲ್ಲು ಕಾಣುವಂತೆ ನಕ್ಕದ್ದು ನಾನು ಅದೇ ಮೊದಲು ನೋಡಿದ್ದು. ಆಯಿ ಅವಳತ್ತ ಒಮ್ಮೆ ಕಣ್ಣು ಹಾಯಿಸಿ, ಬಾಯಿ ಬಿಗಿದುಕೊಂಡು, ಕಲ್ಲು ನಿಲ್ಲಿಸಿದಳು. ಅಪ್ಪ ಮೋಟಾರನ್ನು ಬಿಚ್ಚಿ ಸಣ್ಣ ಸುರುಳಿಯ ತುದಿಗಳನ್ನು ಬದಲಿಸಿದ. ಅವನು ಸ್ವಿಚ್ ಒತ್ತುವಾಗ ನಾನು ಒಂಟಿಕಾಲಲ್ಲಿ ನಿಂತಿದ್ದೆ. ಚಕ್ರ ಒಮ್ಮೆ ಅದುರಿ ಬಲಕ್ಕೆ ಹೊರಟಿತು. ಆಯಿ ಬಗ್ಗಿ ಚಕ್ರದ ಸುತ್ತನ್ನು ನೋಡಿದಳು. ಆಮೇಲೆ ತಾನೇ ಎದ್ದು, ಕೈಬೀಸಿನ ಹಿಟ್ಟನ್ನು ಬದಿಗಿಟ್ಟು, ತವರಿನ ಚೀಲದಿಂದ ಮೊದಲ ಹಿಡಿ ಜೋಳವನ್ನು ಗಿರಣಿಯ ಬಾಯಿಗೆ ಹಾಕಿದಳು. ಹಿಟ್ಟು ಬೆಚ್ಚಗೆ ಬಂತು. ಅವ್ವ ಹಿಸುಕಿ ನೋಡಿದಳು, ನನಗೆ ಕೊಟ್ಟಳು, ನಾನು ಹಿಸುಕಿದೆ. ಬೆರಳ ಗುರುತು ನಿಂತಿತು.

ಮರುದಿನ ತವರಿನವರು ಹೇಳಿದ್ದಕ್ಕಿಂತ ಮೊದಲೇ ಬಂದರು. ಅವ್ವ ಇನ್ನೂ ಬಡಿಯುತ್ತಲೇ ಇದ್ದಳು. ಹಣೆಗೆ, ಕಿವಿಗೆ, ಕೊರಳಿಗೆಲ್ಲ ಭಂಡಾರ ಬಳಿದುಕೊಂಡು ಬಂದ ಅವರ ಹಳದಿ, ನೆಲದ ಬಿಳಿ ಹಿಟ್ಟಿನ ಮೇಲೆ ಹೆಜ್ಜೆಹೆಜ್ಜೆಗೂ ಉದುರಿತು. ಅವ್ವನ ಅಣ್ಣ, ನನ್ನ ಮಾವ, ಮುಂದಾಳು. ಅವನು ತಾಟಿಗೆ ಬಿದ್ದ ಮೊದಲ ರೊಟ್ಟಿಯನ್ನು ಎತ್ತಿ ನಡುವೆ ಮಡಿಚಿದ. ಅದು ಬಿರಿಯದೆ ಮಡಿಚಿಕೊಂಡಿತು. ಅವನು ಸುಮ್ಮನೆ ಉಣ್ಣತೊಡಗಿದ, ಅವನಿಗೇನು ಗೊತ್ತು. ಬಾಗಿಲಲ್ಲಿ ಅಡ್ಡಾಡುತ್ತಿದ್ದ ಆಯಿ ಮಾತ್ರ ನೋಡಿದಳು. ಅದೇ ಹೊತ್ತಿಗೆ ಹಡಪಸರದವನು ಕೈಗಾಡಿ ತಳ್ಳಿಕೊಂಡು ಹೊರಗೆ ಬಂದು ನಿಂತ. ಆಯಿ ಹೇಳಿ ಕಳಿಸಿದ್ದಳೋ ಅವನೇ ಬಂದನೋ ನನಗೆ ಇಂದಿಗೂ ತಿಳಿಯದು. ಅವ್ವನ ಬಡಿಯುವ ಕೈ ನಿಂತಿತು. ಅಪ್ಪ ನೆಲ ನೋಡಿದ. ಆಯಿ ಹೊಸ್ತಿಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು, ತನಗೆ ಬರುತ್ತಿದ್ದಷ್ಟೇ ಮರಾಠಿಯಲ್ಲಿ ಅವನಿಗೆ ಹೇಳಿದಳು:

"ಗಾಡಿ ತಿಕಡೇ ಠೇವ. ಹಾತ ಧೂ. ಜೇವೂನ ಜಾ."

ಗಾಡಿ ಅತ್ತ ಇಟ್ಟು, ಕೈ ತೊಳೆದು, ಉಂಡು ಹೋಗು ಎಂದು. ಅವನು ತಬ್ಬಿಬ್ಬಾಗಿ ಕೈ ತೊಳೆದು ಪಂಕ್ತಿಯ ಕೊನೆಗೆ ಕೂತ. ಗಿರಣಿಯ ಮಾತನ್ನು ಅವನೂ ಎತ್ತಲಿಲ್ಲ, ಆಯಿಯೂ ಎತ್ತಲಿಲ್ಲ. ಅವನ ತಾಟಿಗೆ ರೊಟ್ಟಿ ಹಾಕಿದವಳು ಆಯಿಯೇ. ಅವನು ತುತ್ತು ಮುರಿದು, ಗಿರಣಿಯ ಕಡೆ ಒಮ್ಮೆ ನೋಡಿ, ಇನ್ನೊಂದು ರೊಟ್ಟಿ ಬೇಕೆಂದ. ಉಂಡು ಖಾಲಿ ಗಾಡಿ ತಳ್ಳಿಕೊಂಡು ಹೋದ.

ಅವತ್ತು ಉಂಡದ್ದು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು, ಕೊನೆಗೆ ಆಯಿ ಕೈಯಿಂದ ಬೀಸಿದ ಹಿಟ್ಟಿನ ಅಂಬಲಿ. ಅವ್ವ ಎಲ್ಲರದೂ ಆದ ಮೇಲೆ ಉಂಡಳು, ನಡುವೆ ಒಮ್ಮೆಯೂ ಏಳಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾವ ಗೋಡೆಗೊರಗಿ ಊರಿನ ಸುದ್ದಿ ತೆಗೆದ: ಯಾರು ಮನೆ ಕಟ್ಟಿಸಿದರು, ಅವ್ವನ ಗೆಳತಿ ಯಾವ ಊರಿಗೆ ಹೋದಳು, ಬಾವಿಗೆ ನೀರು ಎಷ್ಟು ಬಂದಿದೆ. ಅವ್ವ ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದಳು. ಬಿಸಿಲು ಹೊಸ್ತಿಲ ಮೇಲಿತ್ತು. ಗೆಳತಿಯ ಮಾತು ಮುಗಿಯುವ ಮೊದಲೇ ಅವ್ವ ಕೂತಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಮಾವ ಮಾತು ನಿಲ್ಲಿಸಲಿಲ್ಲ. ದನಿ ಇಳಿಸಿ, ಉಳಿದ ಸುದ್ದಿಯನ್ನೆಲ್ಲ ಆಯಿಗೆ ಹೇಳಿದ.